ಕತ್ತೆಕಿವಿಯ ಎಲೆಯ ಮೇಲೆ ಎರಡು ಮೂತಿಹುಳುಗಳು

(ಮೈಸೂರಿನಲ್ಲಿ ಮಲೆನಾಡಿನ ಕೃಷಿಕರೂ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೈಸೂರು ನಗರವು ಒಂದು ದಿಣ್ಣೆಯ ಮೇಲೆ ಕುಳಿತಿದೆ. ಈ ಊರಿನ ಉತ್ತರದ ಬಡಾವಣೆಗಳಲ್ಲಿ ಬಿದ್ದ ಮಳೆನೀರು ಹಳ್ಳಗಳ ಮೂಲಕ ಕಾವೇರಿಯತ್ತ ಇಳಿಯುತ್ತದೆ. ದಕ್ಷಿಣದಲ್ಲಿ ಬಿದ್ದದ್ದು ದಳವಾಯಿ ಕೆರೆಯ ಕಡೆಯಿಂದ ಕಪಿಲೆಯತ್ತ ಸಾಗುತ್ತದೆ. ಎರಡೂ ನದಿಗಳು ತಿರುಮಕೂಡಲು ನರಸೀಪುರದಲ್ಲಿ ಕೂಡುತ್ತವೆ. ಕೊಡಗಿನ ಬೆಟ್ಟದಿಂದ ಹೊರಟ ನೀರಿಗೂ ವಯನಾಡಿನ ಬೆಟ್ಟದಿಂದ ಹೊರಟ ನೀರಿಗೂ ಈ ನಗರದ ಬಚ್ಚಲ ನೀರು ಹೀಗೆ ಎರಡು ಬದಿಯಿಂದ ಬಂದು ಬೆರೆಯುತ್ತದೆ. ಶುದ್ಧೀಕರಣ ಘಟಕಗಳನ್ನು ಹಾದು ಬಂದ ನೀರೂ ಉಂಟು, ಅವುಗಳ ಕೈಗೆ ಸಿಗದೆ ಚರಂಡಿಯಿಂದ ನೇರವಾಗಿ ಜಾರಿಕೊಂಡ ನೀರೂ ಉಂಟು.

ಈ ನೀರು ಎಲ್ಲಿ ನಿಧಾನವಾಗುತ್ತದೆಯೋ ಅಲ್ಲಿ, ಎಂದರೆ ಕೆರೆಯ ಮೂಲೆಯಲ್ಲಿ, ಕಟ್ಟೆಯ ಹಿಂದೆ, ನದಿಯ ಮಡುವಿನಲ್ಲಿ, ಒಂದು ಹಸಿರು ಚಾಪೆ ಹರಡಿಕೊಳ್ಳುತ್ತದೆ. ದೂರದಿಂದ ನೋಡಿದವರಿಗೆ ಅದು ಹುಲ್ಲುಗಾವಲು. ಹತ್ತಿರ ಹೋಗಿ ಒಂದು ಎಲೆಯನ್ನು ಕಿತ್ತು ಬೆಳಕಿಗೆ ಹಿಡಿದರೆ, ಕೆಲವು ಕಡೆ ಎಲೆಯ ಮೈಮೇಲೆ ಸಣ್ಣ ಸಣ್ಣ ಕಿಟಕಿಗಳು ಕಾಣುತ್ತವೆ: ಮೇಲಿನ ಹಸಿರನ್ನು ಯಾರೋ ಕೆರೆದು ತೆಗೆದು, ಕೆಳಗಿನ ತೆಳುಪೊರೆಯನ್ನು ಮಾತ್ರ ಉಳಿಸಿದಂತೆ. ಆ ಕೆರೆತ ಒಂದು ದುಂಬಿಯದು. ಅಥವಾ ಇನ್ನೊಂದು ದುಂಬಿಯದು. ಇಂದಿನ ಮಾತು ಈ ಎರಡು ದುಂಬಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡುವುದಕ್ಕೆ ಸೀಮಿತವಾಗಿದೆ.

ಮೊದಲು ಆ ಗಿಡದ ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಪತ್ರಿಕೆಗಳು ಅದನ್ನು ಹೆಚ್ಚಾಗಿ ಅಂತರಗಂಗೆ ಎಂದು ಬರೆಯುತ್ತವೆ. ಅಂತರಗಂಗೆ ಎಂಬ ಹಳೆಯ ಹೆಸರು ಸಲ್ಲಬೇಕಾದುದು ಎಲೆಕೋಸಿನ ಸಣ್ಣ ಗೆಡ್ಡೆಯಂತೆ ತೇಲುವ, ಕಣ್ಣಿಗೆ ಬೀಳುವ ಹೂವಿಲ್ಲದ ಪಿಸ್ಟಿಯಾ ಗಿಡಕ್ಕೆ. ಉಬ್ಬಿದ ತೊಟ್ಟು, ಹೊಳೆಯುವ ದುಂಡನೆಯ ಎಲೆ, ನಸುನೀಲಿ ಹೂಗೊಂಚಲು ಇರುವ ಗಿಡ ಬೇರೆ. ಅದನ್ನು ಹಲವು ಕಡೆ ಕತ್ತೆಕಿವಿ ಎನ್ನುತ್ತಾರೆ. ಇಲ್ಲಿ ಅದೇ ಹೆಸರನ್ನು ಬಳಸಲಾಗಿದೆ. ವಿಜ್ಞಾನಿಗಳೂ ಇದರ ಹೆಸರನ್ನು ಬದಲಿಸದೆ ಬಿಟ್ಟಿಲ್ಲ: ಬಹುಕಾಲ ಐಕಾರ್ನಿಯಾ ಕ್ರಾಸಿಪೆಸ್ ಎನಿಸಿದ್ದ ಗಿಡವನ್ನು 2018ರಿಂದೀಚೆಗೆ ಪಾಂಟೆಡೇರಿಯಾ ಕ್ರಾಸಿಪೆಸ್ ಎಂದು ಕರೆಯುತ್ತಿದ್ದಾರೆ. ಹೆಸರಿನ ಬಗ್ಗೆ ಇಷ್ಟು ಹೊತ್ತು ನಿಲ್ಲಲು ಕಾರಣವಿದೆ. ಅದು ಮುಂದೆ ತಿಳಿಯುತ್ತದೆ.

ಕತ್ತೆಕಿವಿ ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆಯದು. ಹೂವಿನ ಅಂದಕ್ಕೆ ಮರುಳಾದವರು ಅದನ್ನು ಕೊಳದಿಂದ ಕೊಳಕ್ಕೆ ಒಯ್ದರು. ಭಾರತಕ್ಕೆ ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂಗಾಳದ ಮೂಲಕ ಬಂದಿತು. ಅಲ್ಲಿನ ಭತ್ತದ ಬಯಲು, ದೋಣಿದಾರಿಗಳನ್ನೆಲ್ಲ ಮುಚ್ಚಿದಾಗ 1936ರಲ್ಲಿ ಅದರ ವಿರುದ್ಧ ಒಂದು ಕಾನೂನನ್ನೇ ಮಾಡಬೇಕಾಯಿತು. ಅನುಕೂಲ ಸಿಕ್ಕರೆ ಒಂದೆರಡು ವಾರಗಳಲ್ಲಿ ಅದು ತಾನು ಆವರಿಸಿದ ಜಾಗವನ್ನು ಇಮ್ಮಡಿ ಮಾಡಿಕೊಳ್ಳಬಲ್ಲದು. ಅದರ ಬೀಜವು ಕೆಸರಿನಲ್ಲಿ ಹದಿನೈದು ಇಪ್ಪತ್ತು ವರ್ಷ ಬದುಕಿರುತ್ತದೆ. ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿದ ಪಾಲು ನೀರು. ಆದುದರಿಂದ ಅದನ್ನು ಎತ್ತಿ ದಡಕ್ಕೆ ಹಾಕುವ ಕೂಲಿಯಲ್ಲಿ ಬಹುಪಾಲು ನೀರು ಹೊತ್ತುದಕ್ಕೆ ಕೊಟ್ಟ ಕೂಲಿಯೇ ಆಗಿರುತ್ತದೆ.

ಇನ್ನು ದುಂಬಿಗಳ ವಿಚಾರ. ಇವೆರಡೂ ಮೂತಿಹುಳುಗಳ ಜಾತಿಗೆ ಸೇರಿದವು. ತೆಂಗಿನ ಕೆಂಪು ಮೂತಿಹುಳುವನ್ನು ಬಲ್ಲವರಿಗೆ, ಅಕ್ಕಿಯ ಡಬ್ಬಿಯಲ್ಲಿ ಮೂತಿ ಚಾಚಿಕೊಂಡು ಹರಿದಾಡುವ ಕಪ್ಪು ಹುಳುವನ್ನು ಆರಿಸಿ ತೆಗೆದವರಿಗೆ ಈ ವಂಶ ಹೊಸದೇನಲ್ಲ. ಕತ್ತೆಕಿವಿಯ ಹುಳುಗಳ ಉದ್ದ ನಾಲ್ಕೈದು ಮಿಲಿಮೀಟರು. ಒಂದರ ವೈಜ್ಞಾನಿಕ ಹೆಸರು ನಿಯೊಕೆಟಿನಾ ಐಕಾರ್ನಿಯೆ, ಇನ್ನೊಂದರದು ನಿಯೊಕೆಟಿನಾ ಬ್ರೂಕಿ. ಕನ್ನಡದಲ್ಲಿ ರೂಢಿಯ ಹೆಸರು ಇಲ್ಲದಿರುವುದರಿಂದ ಈ ಹೊತ್ತಿನ ಅನುಕೂಲಕ್ಕಾಗಿ ಮೊದಲನೆಯದನ್ನು ಮಚ್ಚೆಹುಳು ಎಂದೂ ಎರಡನೆಯದನ್ನು ಪಟ್ಟೆಹುಳು ಎಂದೂ ಕರೆಯಬಹುದು.

ಮಚ್ಚೆಹುಳುವಿನ ಬೆನ್ನು ಬೂದು ಮತ್ತು ಕಂದು ಬಣ್ಣಗಳು ಕಲಸಿಕೊಂಡಂತೆ ಇರುತ್ತದೆ. ನಿಶ್ಚಿತವಾದ ಆಕಾರವಿಲ್ಲದ ಮಚ್ಚೆಗಳು. ಪಟ್ಟೆಹುಳು ಹೆಚ್ಚು ಕಂದು. ಅದರ ಬೆನ್ನಿಗೆ ಅಡ್ಡಲಾಗಿ, ಸಿಪಾಯಿಯ ತೋಳಿನ ಪಟ್ಟಿಯಂತೆ ಮಧ್ಯದಲ್ಲಿ ಮುರಿದ, ತಿಳಿಬಣ್ಣದ ಒಂದು ಪಟ್ಟೆ ಇರುತ್ತದೆ. ಪುಸ್ತಕದ ಚಿತ್ರದಲ್ಲಿ ಇದು ಸುಲಭ. ಕೆರೆಯ ದಡದಲ್ಲಿ ಅಷ್ಟು ಸುಲಭವಲ್ಲ. ಈ ಬಣ್ಣವೆಲ್ಲ ಮೈಮೇಲಿನ ಸೂಕ್ಷ್ಮ ಹುರುಪೆಗಳದು. ಹುಳುವಿಗೆ ವಯಸ್ಸಾದಂತೆ ಹುರುಪೆಗಳು ಉದುರಿ ಪಟ್ಟೆಯೂ ಅಳಿಸುತ್ತದೆ, ಮಚ್ಚೆಯೂ ಅಳಿಸುತ್ತದೆ. ಆಗ ನಂಬಬಹುದಾದ ಗುರುತು ಒಂದಿದೆ. ಬೆನ್ನನ್ನು ಮುಚ್ಚಿರುವ ಎರಡು ಗಡಸು ರೆಕ್ಕೆಗಳು ಕೂಡುವ ನಡುಗೆರೆಯ ಎರಡೂ ಬದಿಗೆ ಒಂದೊಂದು ಹೊಳೆಯುವ ಕಪ್ಪುಗೀರು ಇರುತ್ತದೆ. ಮಚ್ಚೆಹುಳುವಿನಲ್ಲಿ ಆ ಗೀರು ಉದ್ದವಾಗಿದ್ದು, ತಲೆಯ ಕಡೆಗೆ ಸರಿದಿರುತ್ತದೆ. ಪಟ್ಟೆಹುಳುವಿನಲ್ಲಿ ಅದು ಗಿಡ್ಡ. ಬೆನ್ನಿನ ಸರಿಸುಮಾರು ಮಧ್ಯದಲ್ಲಿರುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ ಒಂದಿದ್ದರೆ ಶಾಲೆಯ ಮಕ್ಕಳೂ ಇದನ್ನು ಬೇರ್ಪಡಿಸಬಲ್ಲರು.

ಹುಳುವನ್ನು ಹಿಡಿಯುವುದು ಹೇಗೆ ಎಂಬುದನ್ನೂ ಹೇಳಬೇಕು. ಹಗಲಿನಲ್ಲಿ ಅವು ಗಿಡದ ನಡುವಿನ ಸುಳಿಯಲ್ಲಿ, ಇನ್ನೂ ಬಿಚ್ಚದ ಎಲೆಯ ಮಡಿಕೆಯಲ್ಲಿ ಅಡಗಿರುತ್ತವೆ. ಕತ್ತಲಾದ ಮೇಲೆ ಎಲೆಯ ಮೇಲೆ ಹತ್ತಿ ಮೇಯುತ್ತವೆ. ಹಗಲಿನಲ್ಲಿ ಗಾಯವನ್ನು ನೋಡಿ ಹುಳುವೇ ಇಲ್ಲವೆಂದು ಹಿಂತಿರುಗಿದವರು ಅನೇಕರಿದ್ದಾರೆ. ಸುಳಿಯನ್ನು ಬಿಡಿಸಿ ನೋಡಬೇಕು, ಇಲ್ಲವೆ ಸಂಜೆಯ ಮೇಲೆ ದೀಪ ಹಿಡಿದು ಹೋಗಬೇಕು. ನೀರಿನ ಅಂಚು, ಕೆಸರು, ಹಾವು ಇವುಗಳ ಎಚ್ಚರ ಇರಲಿ. ವಿದ್ಯಾರ್ಥಿಗಳು ಒಬ್ಬೊಬ್ಬರೇ ಹೋಗಬಾರದು.

ಎಲೆಯ ಮೇಲಿನ ಕಿಟಕಿಗಳು ದೊಡ್ಡ ಹುಳುವಿನ ಕೆಲಸ. ಗಿಡವನ್ನು ನಿಜವಾಗಿ ಕುಗ್ಗಿಸುವುದು ಮರಿಹುಳು. ಕಾಫಿ ಗಿಡದ ಬಿಳಿ ಕಾಂಡಕೊರಕವು ಹೊರಗೆ ಕಾಣದೆ ಒಳಗೊಳಗೇ ಸುರಂಗ ಕೊರೆಯುವುದನ್ನು ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಇದೂ ಹಾಗೆಯೇ. ತಾಯಿಹುಳು ಎಲೆತೊಟ್ಟಿನ ಅಂಗಾಂಶದೊಳಗೆ ಮೊಟ್ಟೆ ಇಡುತ್ತದೆ. ಒಂದು ವಾರ ಹತ್ತು ದಿನಗಳಲ್ಲಿ ಹೊರಬಂದ ಮರಿ ತೊಟ್ಟನ್ನು ಕೊರೆಯುತ್ತ ಕೆಳಗಿಳಿದು ಗಿಡದ ಗಡ್ಡೆಯನ್ನು, ಎಂದರೆ ಎಲೆಗಳೆಲ್ಲ ಹುಟ್ಟುವ ಮೂಲವನ್ನು ಸೇರುತ್ತದೆ. ಸುರಂಗದೊಳಕ್ಕೆ ನೀರು ಹೋಗುತ್ತದೆ, ಕೊಳೆಯಿಸುವ ಸೂಕ್ಷ್ಮಜೀವಿಗಳು ಹೋಗುತ್ತವೆ. ಗಿಡ ಗಿಡ್ಡವಾಗುತ್ತದೆ, ಹೂ ಕಡಿಮೆಯಾಗುತ್ತದೆ, ತೇಲುವ ಶಕ್ತಿ ಕುಂದಿ ಕೊನೆಗೆ ಮುಳುಗುತ್ತದೆ. ಬೆಳೆದ ಮರಿ ನೀರಿನೊಳಗಿನ ಬೇರುಗಳಿಗೆ ಇಳಿದು, ಬೇರಿನ ಎಳೆಗಳನ್ನೇ ಸುತ್ತಿಕೊಂಡು ಗೂಡು ಕಟ್ಟಿ ಕೋಶಾವಸ್ಥೆ ಕಳೆಯುತ್ತದೆ. ಜೀವಂತ ಬೇರು ನೀರಿನಲ್ಲಿ ಇಳಿಬಿಟ್ಟಿರಬೇಕು. ಆದುದರಿಂದ ನೀರು ಬತ್ತಿ ಗಿಡವು ಕೆಸರಿಗೆ ಬೇರೂರಿದ ಜಾಗದಲ್ಲಿ ಈ ಹುಳುವಿನ ಸಂತತಿ ಚೆನ್ನಾಗಿ ಬೆಳೆಯುವುದಿಲ್ಲ.

ಇಷ್ಟರವರೆಗೆ ಎರಡರದ್ದೂ ಒಂದೇ ಕಥೆ. ಭೇದ ಆರಂಭವಾಗುವುದು ಮೊಟ್ಟೆಯಿಂದ. ಮಚ್ಚೆಹುಳು ಒಂದೊಂದೇ ಮೊಟ್ಟೆಯನ್ನು ಬಿಡಿಬಿಡಿಯಾಗಿ, ಹೆಚ್ಚಾಗಿ ನಡುವಿನ ಎಳೆಯ ಎಲೆಗಳಲ್ಲಿ ಇಡುತ್ತದೆ. ಪಟ್ಟೆಹುಳು ಒಂದೇ ಕಡೆ ಹಲವು ಮೊಟ್ಟೆಗಳನ್ನು ಇಡಬಲ್ಲದು. ಬಲಿತ, ಉಬ್ಬಿದ ತೊಟ್ಟುಗಳು ಅದಕ್ಕೆ ಇಷ್ಟ. ಒಂದು ಎಳೆಯದನ್ನು, ಇನ್ನೊಂದು ಬಲಿತದ್ದನ್ನು ಹಿಡಿದುದರಿಂದ ಒಂದೇ ಗಿಡದಲ್ಲಿ ಎರಡೂ ಒಂದಕ್ಕೊಂದು ಹೆಚ್ಚು ಅಡ್ಡಬಾರದೆ ಇರಬಲ್ಲವು. ಪಟ್ಟೆಹುಳುವಿನ ಮರಿ ಬೇಗ ಬೆಳೆಯುತ್ತದೆ. ಮೊಟ್ಟೆಯಿಂದ ಹುಳುವಾಗುವವರೆಗೆ ಅದಕ್ಕೆ ಸುಮಾರು ಮೂರು ತಿಂಗಳು ಸಾಕು, ಮಚ್ಚೆಹುಳುವಿಗೆ ನಾಲ್ಕು ತಿಂಗಳ ಹತ್ತಿರ ಬೇಕು. ಹವೆ ಬೆಚ್ಚಗಿದ್ದರೆ ಎರಡೂ ಇನ್ನಷ್ಟು ಬೇಗ.

ಈ ದುಂಬಿಗಳು ಇಲ್ಲಿಗೆ ಹೇಗೆ ಬಂದವು? ತಾವಾಗಿ ಬರಲಿಲ್ಲ. ಇವುಗಳ ತವರು ಅರ್ಜೆಂಟೀನಾ ಕಡೆಯ ನದೀಬಯಲು. ಅಮೆರಿಕದ ಫ್ಲಾರಿಡಾದಲ್ಲಿ 1972ರಲ್ಲಿ ಮಚ್ಚೆಹುಳುವನ್ನೂ 1974ರಲ್ಲಿ ಪಟ್ಟೆಹುಳುವನ್ನೂ ಕಳೆಯ ಮೇಲೆ ಬಿಡಲಾಯಿತು. ಅಲ್ಲಿಂದ 1982ರ ಹೊತ್ತಿಗೆ ಬೆಂಗಳೂರಿಗೆ ತರಿಸಿದರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೀಟಶಾಸ್ತ್ರಜ್ಞರು ಮುಚ್ಚಿದ ಪ್ರಯೋಗಾಲಯದಲ್ಲಿ ಸಾಕಿ, ಇಲ್ಲಿನ ಹತ್ತಾರು ಬೆಳೆಗಳನ್ನೂ ಗಿಡಗಳನ್ನೂ ಅವುಗಳ ಮುಂದಿಟ್ಟು ಪರೀಕ್ಷಿಸಿದರು. ಕತ್ತೆಕಿವಿಯನ್ನು ಬಿಟ್ಟು ಬೇರೆ ಗಿಡದಲ್ಲಿ ಇವುಗಳ ಸಂಸಾರ ನಡೆಯದು ಎಂದು ಖಚಿತವಾದ ಮೇಲೆ 1983 ಮತ್ತು 84ರಲ್ಲಿ ಹೊರಗಿನ ಕೆರೆಗಳಿಗೆ ಬಿಟ್ಟರು. ಕೆಲವು ವರ್ಷಗಳಲ್ಲಿ ಬೆಂಗಳೂರಿನ ಸುತ್ತಣ ಕೆಲವು ಕೆರೆಗಳಲ್ಲಿ ಕಳೆ ಗಣನೀಯವಾಗಿ ಇಳಿದುದನ್ನು ಅವರು ದಾಖಲಿಸಿದ್ದಾರೆ. ಮಣಿಪುರದ ಲೋಕ್ತಕ್ ಸರೋವರದಲ್ಲಿಯೂ ಇಂಥದೇ ಫಲ ದೊರೆಯಿತು.

ಹೊರದೇಶದ ಹುಳುವನ್ನು ತಂದು ಬಿಡುವುದೆಂದರೆ ರೈತರಿಗೆ ಅಂಜಿಕೆ ಸಹಜ. ಕಳೆ ಮುಗಿದ ಮೇಲೆ ಇದು ಭತ್ತಕ್ಕೆ ಬಂದರೆ? ರಾಗಿಗೆ ಬಂದರೆ? ಈ ಪ್ರಶ್ನೆಯನ್ನು ತಿಳಿಗೇಡಿತನವೆಂದು ತಳ್ಳಿಹಾಕುವವರು ಕರ್ನಾಟಕದಲ್ಲಿಯೇ ನಡೆದ ಇನ್ನೊಂದು ದುಂಬಿಯ ಕಥೆಯನ್ನು ಮರೆತಿರುತ್ತಾರೆ. ಪಾರ್ಥೇನಿಯಂ ಕಳೆಯನ್ನು ತಿನ್ನಲೆಂದು ಮೆಕ್ಸಿಕೋದಿಂದ ತಂದ ಜೈಗೊಗ್ರಾಮ ಎಂಬ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. 1990ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯ ಎಲೆ ಮೇಯುವುದು ಕಂಡುಬಂದು ದೊಡ್ಡ ಗದ್ದಲವಾಯಿತು; ಕೇಂದ್ರ ಸರ್ಕಾರ ತಜ್ಞರ ಸಮಿತಿಯನ್ನೇ ಕೂಡಿಸಬೇಕಾಯಿತು. ಪಾರ್ಥೇನಿಯಂ ಹೂವಿನ ಪರಾಗವು ಪಕ್ಕದ ಹೊಲದ ಸೂರ್ಯಕಾಂತಿ ಎಲೆಗಳ ಮೇಲೆ ಬಿದ್ದದ್ದೇ ಹುಳುವನ್ನು ದಾರಿತಪ್ಪಿಸಿತ್ತು, ಸೂರ್ಯಕಾಂತಿಯಲ್ಲಿ ಅದರ ಸಂತತಿ ನಿಲ್ಲುವುದಿಲ್ಲ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಭಯ ದೂರವಾಯಿತು. ಆದರೆ ರೈತ ಕೇಳಿದ್ದು ಸರಿಯಾದ ಪ್ರಶ್ನೆಯೇ ಆಗಿತ್ತು. ಕತ್ತೆಕಿವಿಯ ಮೂತಿಹುಳುಗಳು ಭಾರತದ ನೀರಿಗೆ ಇಳಿದು ನಲವತ್ತು ವರ್ಷ ದಾಟಿದೆ. ಈ ಅವಧಿಯಲ್ಲಿ ಅವು ಬೆಳೆಗೆ ಪಿಡುಗಾಗಿಲ್ಲ.

ಎರಡು ಹುಳುಗಳೂ ಒಂದೇ ಕಳೆಯನ್ನು ತಿನ್ನುವಾಗ ಬೆನ್ನಿನ ಗೀರು ಉದ್ದವೋ ಗಿಡ್ಡವೋ ಎಂದು ನೋಡುವ ಗೋಜು ಏಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಅದಕ್ಕೆ ಉತ್ತರ ಕತ್ತೆಕಿವಿಯಲ್ಲಿ ಅಲ್ಲ, ಸಾಲ್ವೀನಿಯಾ ಎಂಬ ತೇಲುವ ಜರೀಗಿಡದ ಕಥೆಯಲ್ಲಿದೆ. ಕೇರಳದ ಹಿನ್ನೀರನ್ನೂ ಗದ್ದೆಗಳನ್ನೂ ಮುಚ್ಚಿದ, ಅಲ್ಲಿ ಆಫ್ರಿಕನ್ ಪಾಯಲ್ ಎನಿಸಿಕೊಂಡ ಗಿಡವಿದು. ಅದರ ತವರು ಆಫ್ರಿಕವಲ್ಲ. ಬಹುಕಾಲ ಅದನ್ನು ಸಾಲ್ವೀನಿಯಾ ಆರಿಕುಲೇಟ ಎಂಬ ಬೇರೊಂದು ಗಿಡವೆಂದು ತಿಳಿದಿದ್ದರು. ಆ ಗಿಡದ ಮೇಲೆ ಬದುಕುವ ಎರಡು ಮಿಲಿಮೀಟರಿನ ಒಂದು ಮೂತಿಹುಳುವನ್ನು ಟ್ರಿನಿಡಾಡ್ ದ್ವೀಪದಿಂದ ಹುಡುಕಿ ತಂದು ಆಫ್ರಿಕದ ನೀರಿಗೆ ಬಿಟ್ಟರು. ಹುಳು ಬದುಕಿತು; ಕಳೆ ಜಗ್ಗಲಿಲ್ಲ. 1972ರಲ್ಲಿ ಈ ಕಳೆ ಬೇರೆಯೇ ಪ್ರಭೇದವೆಂದು ಗುರುತಿಸಿ ಸಾಲ್ವೀನಿಯಾ ಮೊಲೆಸ್ಟ ಎಂದು ಹೆಸರಿಟ್ಟರು. 1978ರಲ್ಲಿ ಆಗ್ನೇಯ ಬ್ರೆಜಿಲಿನಲ್ಲಿ ಅದರ ನಿಜವಾದ ತವರು ಸಿಕ್ಕಿತು. ಅಲ್ಲಿಯೂ ಅದರ ಮೇಲೆ ಒಂದು ಮೂತಿಹುಳು ಇದ್ದಿತು. ನೋಡಿದವರು ಇದು ಮೊದಲಿನದೇ ಹುಳು ಎಂದುಕೊಂಡರು, ಅಷ್ಟು ಹೋಲಿಕೆ. ಆದರೂ 1980ರಲ್ಲಿ ಆಸ್ಟ್ರೇಲಿಯದ ಮೂಂಡರ ಸರೋವರಕ್ಕೆ ಅದನ್ನು ಬಿಟ್ಟಾಗ ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಅವಧಿಯಲ್ಲಿ ಸಾವಿರಾರು ಟನ್ನು ಕಳೆ ಕಂದುಬಣ್ಣಕ್ಕೆ ತಿರುಗಿ ಮುಳುಗಿಹೋಯಿತು. ಆಮೇಲೆ ಸೂಕ್ಷ್ಮವಾಗಿ ನೋಡಿದರೆ ಅದು ಹೊಸ ಪ್ರಭೇದ. 1985ರಲ್ಲಿ ಅದಕ್ಕೆ ಸಿರ್ಟೊಬೇಗಸ್ ಸಾಲ್ವೀನಿಯೆ ಎಂಬ ಹೆಸರು ಬಂದಿತು. ಹಳೆಯದು ಹೆಚ್ಚಾಗಿ ಎಲೆಯನ್ನು ಮೇಯುತ್ತದೆ. ಹೊಸದು ಚಿಗುರುಮೊಗ್ಗನ್ನು ತಿನ್ನುತ್ತದೆ, ಅದರ ಮರಿ ಕಾಂಡವನ್ನು ಕೊರೆಯುತ್ತದೆ. ಎಲೆ ಹೋದರೆ ಗಿಡ ಮತ್ತೆ ಚಿಗುರೀತು, ಚಿಗುರೇ ಹೋದರೆ ಯಾವುದರಿಂದ ಚಿಗುರಬೇಕು?

ಈ ಹೊಸ ಹುಳುವೂ ಬೆಂಗಳೂರಿಗೆ ಬಂದಿತು. ಅಲ್ಲಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟಾಗ ಒಂದು ವರ್ಷದೊಳಗೆ ಸಾಲ್ವೀನಿಯಾ ತೊಲಗಿ ನೈದಿಲೆ ಮತ್ತೆ ಮೇಲೆ ಬಂದಿತು. ಕೇರಳದಲ್ಲಿಯೂ ಅದು ದೊಡ್ಡ ಪ್ರಮಾಣದಲ್ಲಿ ಫಲ ಕೊಟ್ಟಿತು. ಬರಿಗಣ್ಣಿಗೆ ಒಂದೇ ಎಂದು ತೋರಿದ ಎರಡು ಹುಳುಗಳಲ್ಲಿ ಒಂದು ವರ್ಷಗಟ್ಟಲೆ ವ್ಯರ್ಥವಾಯಿತು, ಇನ್ನೊಂದು ಕೆಲಸ ಮಾಡಿತು. ಪ್ರಭೇದಗಳನ್ನು ಹೆಸರಿಸುವ ವಿದ್ಯೆಯನ್ನು ಕಾಲೇಜುಗಳಲ್ಲಿ ಈಗ ಹಳೆಯ ಕಾಲದ ಕಸುಬೆಂಬಂತೆ ಮೂಲೆಗೆ ತಳ್ಳಲಾಗುತ್ತಿದೆ. ಹಾಗೆ ತಳ್ಳುವವರು ಈ ಕಥೆಯನ್ನೊಮ್ಮೆ ಓದಬೇಕು.

ಕತ್ತೆಕಿವಿಯ ಹುಳುಗಳ ಭೇದ ಅಷ್ಟು ನಾಟಕೀಯವಲ್ಲ. ಎರಡೂ ಕೆಲಸ ಮಾಡುತ್ತವೆ. ಆದರೆ ಎರಡೂ ಎಲ್ಲ ನೀರಿನಲ್ಲಿಯೂ ಒಂದೇ ಸಮನಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ಸಾರಜನಕ ಕಾರಣ. ಮೂತಿಹುಳುವಿನ ಮರಿಗೆ ಬೇಕಾದ ಪ್ರೋಟೀನು ಗಿಡದಲ್ಲಿರುವ ಸಾರಜನಕದಿಂದ ಬರಬೇಕು, ಗಿಡಕ್ಕೆ ಅದು ನೀರಿನಿಂದ ಬರಬೇಕು. ಆಸ್ಟ್ರೇಲಿಯದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇರೆ ಬೇರೆ ಮಟ್ಟದ ಪೋಷಕಾಂಶವಿರುವ ನೀರಿನಲ್ಲಿ ಕತ್ತೆಕಿವಿ ಬೆಳೆಸಿ ಎರಡೂ ಹುಳುಗಳನ್ನು ಬಿಟ್ಟು ನೋಡಿದರು. ಸಾರವತ್ತಾದ ನೀರಿನ ಗಿಡದ ಮೇಲೆ ಪಟ್ಟೆಹುಳು ಮೇಲುಗೈ ಸಾಧಿಸಿತು. ಸಾರ ಕಡಿಮೆಯಾದಾಗ ಅದರ ವೃದ್ಧಿ ಬೇಗ ಕುಗ್ಗಿತು. ಮಚ್ಚೆಹುಳು ಅಷ್ಟು ನಾಜೂಕಲ್ಲ. ಬಡ ನೀರಿನ ಬಡಕಲು ಗಿಡದಲ್ಲಿಯೂ ಅದು ಹೇಗೋ ಸಂಸಾರ ತೂಗಿಸುತ್ತದೆ.

ನೀರು ಬಡವಾಗಿದ್ದರೆ ಹುಳುವೇ ನೆಲೆ ನಿಲ್ಲದಿರುವುದೂ ಉಂಟು. ಪಪುವಾ ನ್ಯೂಗಿನಿಯ ಸೆಪಿಕ್ ನದಿಯಲ್ಲಿ ಸಾಲ್ವೀನಿಯಾ ಹಳ್ಳಿಗಳ ದೋಣಿದಾರಿ, ಮೀನುಗಾರಿಕೆ ಎರಡನ್ನೂ ಮುಚ್ಚಿಹಾಕಿದ್ದಾಗ, 1980ರ ದಶಕದ ಆರಂಭದಲ್ಲಿ ಬಿಟ್ಟ ಮೂತಿಹುಳು ಮೊದಲು ಕಚ್ಚಿಕೊಳ್ಳಲೇ ಇಲ್ಲ. ಗಿಡದಲ್ಲಿ ಸಾರಜನಕ ಸಾಲದೆಂದು ತಿಳಿದ ವಿಜ್ಞಾನಿಗಳು ಕಳೆಗೇ ಯೂರಿಯಾ ಹಾಕಿದರು! ಕಳೆ ಕೊಬ್ಬಿತು, ಹುಳು ಕೊಬ್ಬಿತು, ಕೊನೆಗೆ ಹುಳು ಗೆದ್ದಿತು. ಕಳೆಗೆ ಗೊಬ್ಬರ ಹಾಕುವುದನ್ನು ನೋಡಿದ ಅಲ್ಲಿನ ಹಳ್ಳಿಗರು ಏನೆಂದುಕೊಂಡಿರಬಹುದೆಂಬುದನ್ನು ಊಹಿಸಬಹುದು.

ಮೈಸೂರಿನ ಸುತ್ತಣ ಕೆರೆಗಳಿಗೆ ಯೂರಿಯಾ ಹಾಕುವ ಅಗತ್ಯ ಬೀಳುವುದಿಲ್ಲ. ನಗರವೇ ದಿನವೂ ಅದನ್ನು ಒದಗಿಸುತ್ತಿದೆ. ಮಲಮೂತ್ರದ ಸಾರಜನಕ, ಬಟ್ಟೆ ತೊಳೆದ ಪುಡಿಯ ರಂಜಕ, ಮೇಲಿನ ಗದ್ದೆಗಳಿಂದ ಸೋರಿದ ಗೊಬ್ಬರ ಎಲ್ಲವೂ ಅಲ್ಲಿ ಸೇರುತ್ತವೆ. ಹಾಗಾದರೆ ಪಟ್ಟೆಹುಳುವಿಗೆ ಹಬ್ಬವಲ್ಲವೆ, ಕಳೆ ತಾನಾಗಿ ಹೋಗಬೇಕಲ್ಲವೆ ಎಂದರೆ, ಇಲ್ಲಿಯೇ ಲೆಕ್ಕ ತಿರುಗಿಬೀಳುತ್ತದೆ. ಹುಳುವಿಗೆ ಒಂದು ತಲೆಮಾರು ಕಳೆಯಲು ಮೂರು ನಾಲ್ಕು ತಿಂಗಳು ಬೇಕು. ಕೊಳಚೆ ಕುಡಿದ ಕತ್ತೆಕಿವಿಗೆ ಇಮ್ಮಡಿಯಾಗಲು ಒಂದೆರಡು ವಾರ ಸಾಕು. ಹುಳು ಒಂದು ಎಲೆಯನ್ನು ಕೆಡಿಸುವಷ್ಟರಲ್ಲಿ ಗಿಡ ಇನ್ನೆರಡನ್ನು ಬಿಚ್ಚಿರುತ್ತದೆ. ಚರಂಡಿಯನ್ನು ಕೆರೆಗೆ ಬಿಟ್ಟುಕೊಂಡು ಹುಳುವಿನಿಂದ ಕಳೆ ತೆಗೆಯಿಸಲು ನೋಡುವುದು, ಒಲೆಗೆ ಸೌದೆ ಒಡ್ಡುತ್ತಲೇ ಹಾಲು ಉಕ್ಕದಿರಲೆಂದು ಮೇಲಿನಿಂದ ಊದಿದಂತೆ. ಹುಳು ಬಿಟ್ಟ ಪ್ರಯೋಗಾಲಯಕ್ಕೆ ಬಹುದೂರವಲ್ಲದ ಬೆಳ್ಳಂದೂರು ಕೆರೆಯು ಕಳೆ, ನೊರೆಗಳ ನಡುವೆ 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿದದ್ದನ್ನು ದೇಶವೇ ನೋಡಿತು. ಅದಕ್ಕಾಗಿ ಮೂತಿಹುಳುವನ್ನು ದೂರುವುದು ನ್ಯಾಯವಲ್ಲ.

ಆಫ್ರಿಕದ ವಿಕ್ಟೋರಿಯಾ ಸರೋವರದ ಅನುಭವವೂ ಇದೇ ಕಡೆಗೆ ಬೆರಳು ತೋರುತ್ತದೆ. ಅಲ್ಲಿ 1995ರಲ್ಲಿ ಉಗಾಂಡದ ದಡದಲ್ಲಿ, 1997ರಲ್ಲಿ ಕೆನ್ಯಾ ಮತ್ತು ತಾಂಜಾನಿಯಾದ ದಡಗಳಲ್ಲಿ ಈ ಎರಡೂ ಹುಳುಗಳನ್ನು ಬಿಟ್ಟರು. 1998ರಿಂದ 2000ದ ನಡುವೆ ಕಳೆ ಅಗಾಧವಾಗಿ ಇಳಿಯಿತು. 1997–98ರ ಎಲ್ ನಿನೋ ಮಳೆಗಾಳಿಯ ಅಲೆಗಳು ಚಾಪೆಗಳನ್ನು ಒಡೆದುದೂ ನೆರವಾಯಿತು ಎನ್ನುವವರಿದ್ದಾರೆ, ಅದು ಒಪ್ಪತಕ್ಕ ಮಾತು. ಆದರೆ ಊರುಗಳ ಕೊಳಚೆಯೂ ಹೊಲಗಳ ಸಾರವೂ ಬಂದು ಬೀಳುವ ಕೊಲ್ಲಿಗಳಲ್ಲಿ ಕಳೆ ಮತ್ತೆ ಮತ್ತೆ ತಲೆಯೆತ್ತುತ್ತಲೇ ಇದೆ.

ಮೈಸೂರು ಸೀಮೆಯ ಕೆರೆ, ನದಿಗಳಲ್ಲಿ ಕಳೆ ತೆಗೆಯುವ ಕೆಲಸ ಆಗಾಗ ನಡೆಯುತ್ತದೆ. ಯಂತ್ರದಿಂದಲೂ, ಸ್ವಯಂಸೇವಕರ ಕೈಯಿಂದಲೂ. ಅವರ ಶ್ರಮವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಹುಳುವಿನ ಕಡೆಯಿಂದ ಒಮ್ಮೆ ನೋಡಬೇಕು. ಹಗಲಿನಲ್ಲಿ ದೊಡ್ಡ ಹುಳುಗಳು ಸುಳಿಯಲ್ಲಿ ಅಡಗಿವೆ, ಮರಿಗಳು ತೊಟ್ಟಿನಲ್ಲಿವೆ, ಗೂಡುಗಳು ಬೇರಿನಲ್ಲಿವೆ. ಇಡೀ ಕೆರೆಯನ್ನು ಒಂದೇ ವಾರದಲ್ಲಿ ಬಳಿದು ದಡದ ಮೇಲೆ ರಾಶಿ ಹಾಕಿದರೆ, ಕಳೆಯ ಜತೆಗೆ ಕಳೆಯ ಶತ್ರುವಿನ ನಾಲ್ಕು ಅವಸ್ಥೆಗಳನ್ನೂ ಬಿಸಿಲಿಗೆ ಒಣಹಾಕಿದಂತಾಗುತ್ತದೆ. ಕೆಸರಿನಲ್ಲಿ ಬೀಜ ಉಳಿದಿದೆ, ಕಲ್ಲುಸಂದಿಯಲ್ಲಿ ಹತ್ತಾರು ಗಿಡ ಉಳಿದಿವೆ. ಮುಂದಿನ ಮಳೆಗೆ ಕಳೆ ಬರುತ್ತದೆ, ಹುಳು ಬರುವುದಿಲ್ಲ. ಕಳೆನಾಶಕ ಸಿಂಪಡಿಸಿದರೂ ಇದೇ ಗತಿ; ಅದರ ಮೇಲೆ ನೀರಿನ ವಿಷ ಬೇರೆ. ಆದುದರಿಂದ ಎಲೆಗಳ ಮೇಲೆ ಕೆರೆತ ಕಂಡುಬಂದ ಕೆರೆಯಲ್ಲಿ ಒಂದು ಮೂಲೆಯನ್ನು, ಹಗ್ಗ ಬಿದಿರಿನಿಂದ ತಡೆಕಟ್ಟಿ, ಹುಳುಗಳಿಗಾಗಿ ಬಿಟ್ಟುಕೊಡುವುದು ಒಳ್ಳೆಯದು. ತೆಗೆದ ಗಿಡಗಳ ರಾಶಿಯನ್ನು ನೀರಿನ ಅಂಚಿನಲ್ಲಿಯೇ ಒಂದು ರಾತ್ರಿ ಬಿಟ್ಟರೆ ಕೆಲವು ಹುಳುಗಳಾದರೂ ಹೊರಬಂದು ಉಳಿದ ಗಿಡಗಳಿಗೆ ಮರಳಲು ಅವಕಾಶವಾಗುತ್ತದೆ. ಗೊಬ್ಬರ ಮಾಡುವುದು ಮರುದಿನವೂ ಆದೀತು. ಆದರೆ ಕೈಗಾರಿಕೆಯ ನೀರು ಸೇರುವ ಕೆರೆಯ ಗಿಡವನ್ನು ತರಕಾರಿ ತೋಟದ ಗೊಬ್ಬರಕ್ಕೆ ಬಳಸಬಾರದು. ಕತ್ತೆಕಿವಿ ಭಾರಲೋಹಗಳನ್ನು ಹೀರಿ ಬೇರಿನಲ್ಲಿ ಕೂಡಿಡುವ ಗಿಡ.

ಹುಳು ಫಲ ಕೊಡಲು ಮೂರರಿಂದ ಐದು ವರ್ಷ ಹಿಡಿಯುವುದುಂಟು. ಟೆಂಡರು ಕರೆದು, ಬಿಲ್ಲು ಬರೆದು, ವರ್ಷದೊಳಗೆ ಮುಗಿಸಬೇಕಾದ ಆಡಳಿತಕ್ಕೆ ಇಷ್ಟು ನಿಧಾನದ ಕೆಲಸಗಾರ ಒಗ್ಗುವುದಿಲ್ಲ ಎಂಬುದು ಇನ್ನೊಂದು ಕಷ್ಟ.

ಬೆಟ್ಟದ ಊರುಗಳಿಂದ ಬಂದವರಿಗೆ ಇದೆಲ್ಲ ಕೆಳನಾಡಿನ ತೊಂದರೆ ಎನಿಸಬಹುದು. ನೆರಳಿನಲ್ಲಿ ರಭಸವಾಗಿ ಹರಿಯುವ ತೊರೆಯಲ್ಲಿ ಕತ್ತೆಕಿವಿ ನಿಲ್ಲಲಾರದು, ನಿಜ. ಅಲ್ಲಿನ ನಿಂತ ಮಡುಗಳ ಮೇಲೆ ಗುಂಪುಗುಂಪಾಗಿ ಗಿರ್ರನೆ ಸುತ್ತುವ ಕಪ್ಪು ಸುತ್ತುದುಂಬಿಗಳಿಗೆ ಬೇಕಾದದ್ದು ತೆರೆದ ನೀರು. ಆದರೆ ತೋಟದ ಕೆರೆ, ಕೃಷಿಹೊಂಡ, ಪ್ರವಾಸಿಗರ ತಂಗುದಾಣದ ಅಲಂಕಾರಕೊಳ ನಿಂತ ನೀರೇ. ಹೂವು ಚೆಂದವೆಂದು ಪೇಟೆಯಿಂದ ತಂದ ಒಂದು ಗಿಡ ಮಳೆಗಾಲದ ಕೋಡಿ ದಾಟಿದರೆ ಹೊಳೆಯನ್ನು ಸೇರುತ್ತದೆ. ಕಾಫಿಹಣ್ಣಿನ ಪಲ್ಪಿಂಗ್ ಮಾಡಿದ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡುವುದೂ, ಶುಂಠಿಗದ್ದೆಗೆ ಸುರಿದ ಗೊಬ್ಬರ ಮೊದಲ ಮಳೆಗೆ ಕೊಚ್ಚಿಹೋಗುವುದೂ ಕೆಳಗಿನ ಚಾಪೆಗೆ ಮೇಲಿನಿಂದ ಬಡಿಸಿದ ಊಟವೇ. ಮೈಸೂರಿನ ಚರಂಡಿಯನ್ನು ಆಡಿಕೊಳ್ಳುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ವಿದ್ಯಾರ್ಥಿಗಳಿಗೆ ಒಂದು ಕೆಲಸ. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ, ತಮ್ಮ ಊರಿನ ಹತ್ತಿರ ಕತ್ತೆಕಿವಿ ಇರುವ ಒಂದೇ ಜಾಗವನ್ನು ಆರಿಸಿಕೊಳ್ಳಬೇಕು. ತಿಂಗಳಿಗೊಮ್ಮೆ ಹತ್ತು ಗಿಡಗಳನ್ನು ತೆಗೆದು, ಪ್ರತಿ ಗಿಡದಲ್ಲಿ ಹೊಸದಾಗಿ ಪೂರ್ತಿ ಬಿಚ್ಚಿದ ಎಲೆಯ ಮೇಲಿನ ಕೆರೆತಗಳನ್ನು ಎಣಿಸಬೇಕು. ಸುಳಿ ಬಿಡಿಸಿ ಸಿಕ್ಕ ಹುಳುಗಳನ್ನು ಮಸೂರದಲ್ಲಿ ನೋಡಿ, ಗೀರು ಉದ್ದವಾಗಿದ್ದು ಮುಂದಿದ್ದರೆ ಮಚ್ಚೆ, ಗಿಡ್ಡವಾಗಿದ್ದು ಮಧ್ಯದಲ್ಲಿದ್ದರೆ ಪಟ್ಟೆ ಎಂದು ಬರೆದುಕೊಳ್ಳಬೇಕು. ಗಿಡದ ಎತ್ತರವನ್ನು ಅಳೆದು, ಹೂವಿದ್ದರೆ ಗುರುತು ಹಾಕಿ, ಹುಳುಗಳೊಂದಿಗೆ ಗಿಡವನ್ನು ಅದೇ ನೀರಿಗೆ ಮರಳಿ ಬಿಡಬೇಕು. ಪಟ್ಟೆಹುಳು ಹೆಚ್ಚು ಕಂಡಿತೆಂದು ಆ ನೀರು ಕೊಳಚೆಯೆಂದು ಒಂದೇ ತಿಂಗಳಲ್ಲಿ ತೀರ್ಪು ಕೊಡುವುದು ಅವಸರವಾಗುತ್ತದೆ. ಯಾವ ಕೆರೆಗೆ ಯಾವ ಹುಳು ಮೊದಲು ತಲುಪಿತು ಎಂಬುದರ ಮೇಲೂ ಎಣಿಕೆ ನಿಂತಿರುತ್ತದೆ. ಎರಡು ಮೂರು ವರ್ಷದ ಲೆಕ್ಕ, ಚರಂಡಿ ಸೇರುವ ಕಡೆಯದೊಂದು, ಅದರಿಂದ ದೂರದ ಕಡೆಯದೊಂದು ಇದ್ದರೆ ಹೋಲಿಸಿ ಮಾತನಾಡಲು ಆಧಾರವಾಗುತ್ತದೆ. ಗುರುತು ಸಂದೇಹವಾದರೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದ ಕೀಟಶಾಸ್ತ್ರಜ್ಞರನ್ನು ಕೇಳಬಹುದು.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ. ಹುಳು ಒಳ್ಳೆಯದೆಂದು ಕೇಳಿ, ಹುಳುವಿರುವ ಗಿಡವನ್ನು ಚೀಲದಲ್ಲಿ ಹಾಕಿಕೊಂಡು ಕತ್ತೆಕಿವಿಯೇ ಇಲ್ಲದ ಊರಿನ ಕೆರೆಗೆ ಒಯ್ಯಬಾರದು. ಕಳೆ ಈಗಾಗಲೇ ಇರುವ ಕೆರೆಗೆ ಒಯ್ಯುವುದಾದರೂ ಗಿಡವನ್ನಲ್ಲ. ಸುಳಿಯಿಂದ ಆರಿಸಿದ ಹುಳುಗಳನ್ನು ಮಾತ್ರ, ಒದ್ದೆ ಎಲೆಯ ತುಂಡಿನೊಂದಿಗೆ ಗಾಳಿಯಾಡುವ ಡಬ್ಬಿಯಲ್ಲಿಟ್ಟು, ಬಲ್ಲವರೊಬ್ಬರನ್ನು ಕೇಳಿ ಒಯ್ಯಬೇಕು. ತಂದ ಎಲೆಯ ತುಂಡನ್ನು ಆ ನೀರಿಗೆ ಎಸೆಯದೆ ಹಿಂದಕ್ಕೆ ತಂದು ಒಣಗಿಸಿ ಸುಡಬೇಕು.